ಮಕ್ರಾಸ್ ಮಠದ ಸನ್ಯಾಸಿ

ಮಗಳ ಬಾಣಂತನಕ್ಕಂತ ಐರ್ಲೆಂಡಿಗೆ ಹೋದಾಗ ಕಿಲ್ಲಾರ್ನಿ ನೋಡಿ ಬಂದೆ ಅಂತ ಹೇಳಿದ್ದೆನಲ್ಲ, ಅಲ್ಲಿಯ ದೆವ್ವದ ಕಥಿ ಹೇಳೋದು ಉಳದಿತ್ತು. ಅಕ್ಕ ಆಗಲೇ ಫೋನಿನ್ಯಾಗ ಬೈದಾಳ, "ಮನ್ಯಾಗ ಹಸಗೂಸು ಇಟಗೊಂಡು ಸುಡಗಾಡಿಗೆ ಯಾಕ ಹೋಗಿದ್ದಿ?" ಅಂತ. ಮಕ್ರಾಸ್ ಮಠದ ಸುತ್ತೂ ಗೋರಿ ಇರೋದು ಖರೇ.

ಟಾಂಗಾದವ ದಾರ್ಯಾಗ ಹೇಳಿದ, ಸಂಜಿ ಆದಮ್ಯಾಲೆ ಕಂದು ನಿಲುವಂಗಿ ಹಾಕ್ಕೊಂಡ ಸನ್ಯಾಸಿಯೊಬ್ಬ ಒಳಗ ಅಡ್ಡಾಡತಾನಂತ. ಅಳಿಯಂದ್ರು ನಕ್ಕರು. ನನಗ ನಗು ಬರಲಿಲ್ಲ.

ಈ ಮಠ ಕಟ್ಟಿಸಿದ್ದು 1448ರಾಗ, ಆ ಸೀಮಿಯ ಅರಸರಾದ ಮಕಾರ್ಥಿ ಮನೆತನದವರು. ಇದ್ದವರು ಫ್ರಾನ್ಸಿಸ್ಕನ್ ಸನ್ಯಾಸಿಗಳು, ಭಿಕ್ಷಾ ಬೇಡಿ ಉಣ್ಣೋರು. ನಡುವ ಅಂಗಳ, ಸುತ್ತ ಕಮಾನಿನ ಪಡಸಾಲಿ, ಥೇಟ್ ನಮ್ಮ ವಾಡೇದ ಚೌಕ ಇದ್ಧಂಗ. ಆದ್ರ ತುಳಸಿಕಟ್ಟಿ ಇರಬೇಕಾದಲ್ಲೆ ಒಂದು ಭಾರಿ ಯೂ ಗಿಡ. ಮಠದಷ್ಟ ಹಳೇದಂತ. ಅದಕ್ಕ ಪೆಟ್ಟು ಮಾಡಿದಾವ ವರ್ಷದೊಳಗ ಸಾಯತಾನ ಅನ್ನೋ ನಂಬಿಕಿ. ಅದರ ನೆರಳು ಎಷ್ಟು ದಟ್ಟ ಅಂದ್ರ, ಮಧ್ಯಾಹ್ನದಾಗೂ ಪಡಸಾಲಿ ಮಬ್ಬು ಮಬ್ಬು.

1650ರ ದಶಕದಾಗ ಕ್ರಾಮ್‌ವೆಲ್ಲನ ಸೈನ್ಯ ಬಂದು ಮಠ ಹಾಳು ಮಾಡಿತು. ಅಷ್ಟಕ್ಕ ಬಿಡಲಿಲ್ಲ. 1697ರಾಗ ಕಾಯ್ದೆ ಮಾಡಿದರು, ಮುಂದಿನ ಮೇ 1ರೊಳಗ ಸನ್ಯಾಸಿಗಳೆಲ್ಲ ದೇಶ ಬಿಡಬೇಕು, ತಿರುಗಿ ಬಂದ್ರ ರಾಜದ್ರೋಹ, ಅಂದ್ರ ಮರಣದಂಡನೆ. ಹುಟ್ಟಿದ ನೆಲ ಬಿಟ್ಟು ಹೋಗಂದ್ರ ಎಲ್ಲೆ ಹೋಗಬೇಕ್ರೀ? ಎಷ್ಟೋ ಜನ ಸಾದಾ ಅರಿವಿ ಹಾಕ್ಕೊಂಡು ಊರವರ ಮನ್ಯಾಗ ಅಡಗಿ ಉಳದರು. ಕ್ಲೇರ್ ಸೀಮಿಯ ಕ್ವಿನ್ ಮಠದ ಕಡೇ ಸನ್ಯಾಸಿ ಜಾನ್ ಹೋಗನ್ ತೀರಿಕೊಂಡಿದ್ದು 1820ರಾಗ. ಆ ಬಿದ್ದ ಮಠದೊಳಗ ಅವನ ಗೋರಿ ಅದ.

ಹಿಂಗ ಕದ್ದು ಬಂದಾವನ್ನ ಬೆಳದಿಂಗಳಾಗ ಯಾರರ ಕಂಡಿದ್ರ? ಸಿಪಾಯಿ ಬಂದು ಕೇಳಿದ್ರ ಊರ ಹೆಣ್ಣಮಕ್ಕಳು "ಅದು ದೆವ್ವ ರೀ" ಅಂದಿರಬೇಕು. ಇದು ಬರೇ ನನ್ನ ಲೆಕ್ಕ, ಪುಸ್ತಕದಾಗ ಇದ್ದದ್ದಲ್ಲ. 18ನೇ ಶತಮಾನದಾಗ ಒಬ್ಬ ವಿರಕ್ತ ಇದೇ ಪಾಳುಮಠದಾಗ ವರ್ಷಗಟ್ಟಲೆ ಒಬ್ಬನ ಇದ್ದನಂತ. ಅವನ್ನ ಕಂಡೂ ಎಷ್ಟು ಮಂದಿ ಓಡಿರಬೇಕೋ! ಇನ್ನೊಂದು, ಆ ಕಾಲದಾಗ ಇವರಿಗೆ ಬೂದು ಸನ್ಯಾಸಿಗಳಂತನ ಹೆಸರು. ಕಂದು ಬಣ್ಣ ರೂಢಿಗೆ ಬಂದದ್ದು ಆಮ್ಯಾಲೆ. ಟಾಂಗಾದವನ ದೆವ್ವ ಹೊಸಾ ಅರಿವಿ ಹೊಲಿಸಿಕೊಂಡಿರಬೇಕು.

ಮ್ಯಾಲೆ ಹತ್ತಿ ಊಟದ ಕೋಣಿ ನೋಡಿದೆ. ಛಾವಣಿ ಇಲ್ಲ, ಮಳಿ ನೇರ ಒಳಗ. ಅಲ್ಲೆ ನಿಂತು ಕೈ ಮುಗದು ಇಳದೆ. ಮನಿಗೆ ಬಂದು ತಲಿ ಮ್ಯಾಲೆ ನೀರು ಹಾಕ್ಕೊಂಡನ ಕೂಸಿನ್ನ ಮುಟ್ಟೀನಿ, ಅಕ್ಕಾ.