ಮುಪ್ಪು ಮತ್ತು ಹಳ್ಳಿಯ ಹಣಕಾಸು: ಒಂದು ಹಿನ್ನೋಟ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಸಂತೋಷದಲ್ಲಿ ಎಲ್ಲರೂ ಇದ್ದೇವೆ. ಸಂಘದ ಷೇರು, ಠೇವಣಿ, ಸಾಲಗಳ ಲೆಕ್ಕವನ್ನು ಸದಸ್ಯ ಬಾಂಧವರು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಓದುತ್ತಾರೆ. ನಾವು ಇಲ್ಲಿ ಹೇಳಹೊರಟಿರುವುದು ಇನ್ನೊಂದು ಲೆಕ್ಕ. ಸಂಘಕ್ಕೆ ಇಪ್ಪತ್ತೈದಾದರೆ ಅದನ್ನು ಕಟ್ಟಿದವರಿಗೂ ಇಪ್ಪತ್ತೈದು ವರ್ಷ ಹೆಚ್ಚಾಯಿತಲ್ಲ! ನಲವತ್ತೈದರಲ್ಲಿ ಷೇರು ಕಟ್ಟಿದವರು ಇಂದು ಎಪ್ಪತ್ತರ ಹಿರಿಯರು. ಇದು ನಮ್ಮೂರೊಂದರ ಮಾತಲ್ಲ, ಇಡೀ ನಾಡಿಗೇ ವಯಸ್ಸಾಗ್ತಾ ಇದೆ.

ಸಹಕಾರ ಚಳವಳಿ ಹುಟ್ಟಿದ ಕಾಲವನ್ನು ಮೊದಲು ನೆನೆಯೋಣ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷ 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಆಗಿನ ಚಿಂತೆ ಒಂದೇ: ದುಡಿಯುವ ರೈತನನ್ನು ಸಾಹುಕಾರನ ಬಡ್ಡಿಯಿಂದ ಬಿಡಿಸುವುದು. ಮುಪ್ಪಿನ ಪ್ರಶ್ನೆ ಯಾರ ಮುಂದೆಯೂ ಇರಲಿಲ್ಲ. 1950ರ ಸುಮಾರಿಗೂ ಭಾರತೀಯನ ಸರಾಸರಿ ಆಯುಷ್ಯ ಮೂವತ್ತೆರಡರ ಆಸುಪಾಸಿನಲ್ಲಿತ್ತು. ಹಾಗಂತ ಆಗ ಮುದುಕರೇ ಇರಲಿಲ್ಲ ಅಂತಲ್ಲ. ಕೂಸುಗಳು ಬಹಳ ಸಾಯುತ್ತಿದ್ದವು, ಅದರಿಂದ ಸರಾಸರಿ ಇಳಿಯುತ್ತಿತ್ತು. ಬದುಕಿ ಉಳಿದ ಹಿರಿಯರನ್ನು ನೋಡಿಕೊಳ್ಳಲು ಮನೆ ತುಂಬ ಮಕ್ಕಳಿದ್ದರು, ಹೊಲವಿತ್ತು. ಪಿಂಚಣಿ ಎಂಬುದು ಸರ್ಕಾರಿ ನೌಕರರ ಮಾತಾಗಿತ್ತು.

ಆಮೇಲೆ ಎರಡು ಬದಲಾವಣೆಗಳು ಒಟ್ಟಿಗೇ ಆದವು. ಲಸಿಕೆ, ಔಷಧಿ, ಕುಡಿಯುವ ನೀರು, ಪಡಿತರ ಇವುಗಳಿಂದ ಆಯುಷ್ಯ ಎಪ್ಪತ್ತರ ಹತ್ತಿರಕ್ಕೆ ಬಂತು. ಇನ್ನೊಂದು ಕಡೆ ಹೆರಿಗೆ ಕಡಿಮೆಯಾಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ ಮಕ್ಕಳು 1992–93ರಲ್ಲಿ ಸುಮಾರು 2.9, 2019–21ರಲ್ಲಿ 1.7. ದೇಶದಲ್ಲಿ ಅರುವತ್ತು ದಾಟಿದವರು 1961ರಲ್ಲಿ ಸುಮಾರು ಎರಡೂವರೆ ಕೋಟಿ ಇದ್ದರು, 2011ರ ಜನಗಣತಿಯಲ್ಲಿ ಹತ್ತು ಕೋಟಿ ಮೀರಿದರು. ಅದೇ ಗಣತಿಯಲ್ಲಿ ಕರ್ನಾಟಕದ ನೂರು ಜನರಲ್ಲಿ ಒಂಬತ್ತೂವರೆ ಜನ ಹಿರಿಯರು. ಎರಡೂ ಬದಲಾವಣೆ ಒಳ್ಳೆಯವೇ. ಆದರೆ ಮೊದಲು ಐದಾರು ಹೆಗಲು ಹೊರುತ್ತಿದ್ದ ಭಾರ ಈಗ ಒಂದೆರಡು ಹೆಗಲಿಗೆ ಬಂದಿದೆ, ಆ ಹೆಗಲೂ ಬೆಂಗಳೂರಿನಲ್ಲೋ ಪುಣೆಯಲ್ಲೋ ಇದೆ.

ಸರ್ಕಾರ ಕೈಕಟ್ಟಿ ಕೂರಲಿಲ್ಲ ನಿಜ. 1995ರ ಆಗಸ್ಟ್ 15ರಂದು ರಾಷ್ಟ್ರೀಯ ವೃದ್ಧಾಪ್ಯ ವೇತನ ಶುರುವಾದಾಗ ಕೇಂದ್ರದ ಪಾಲು ತಿಂಗಳಿಗೆ 75 ರೂಪಾಯಿ. ಮುಂದೆ ಅದು 200 ಆಗಿ, ಎಂಬತ್ತು ತುಂಬದವರಿಗೆ ವರ್ಷಗಟ್ಟಲೆ ಅಲ್ಲೇ ನಿಂತಿತು. ನಮ್ಮ ರಾಜ್ಯ 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ತಂದು 400 ರೂಪಾಯಿ ಕೊಟ್ಟಿತು. 2021ರಲ್ಲಿ ಅದು 1200 ಆಯಿತು. ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆಗೆ, ಎಲೆ ಅಡಿಕೆಗೆ, ಬಸ್ ಚಾರ್ಜಿಗೆ ಇಷ್ಟು ಆದೀತು. ಆಸ್ಪತ್ರೆ ಸೇರಿದರೆ ಸಾಲದು. ಇಲ್ಲಿ ಸಹಕಾರ ಕ್ಷೇತ್ರದ ಕೊಡುಗೆಯನ್ನು ಹೆಮ್ಮೆಯಿಂದ ಹೇಳಬೇಕು. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ ಸಹಕಾರ ಸಂಘಗಳ ರೈತ ಸದಸ್ಯರಿಗೆ ಅಲ್ಪ ವಂತಿಗೆಯಲ್ಲಿ ಶಸ್ತ್ರಚಿಕಿತ್ಸೆಯ ಅನುಕೂಲ ಮಾಡಿತು. 2018ರಲ್ಲಿ ನಿಂತರೂ 2023ರ ಆರಂಭದಲ್ಲಿ ಮತ್ತೆ ಚಾಲೂ ಆಯಿತು.

ನೆರೆಯ ಕೇರಳ ನಮಗಿಂತ ಮೊದಲು ಮುಪ್ಪು ಕಂಡ ರಾಜ್ಯ. ಅಲ್ಲಿ 1980ರಲ್ಲೇ ಕೃಷಿ ಕೂಲಿಕಾರರಿಗೆ ತಿಂಗಳಿಗೆ 45 ರೂಪಾಯಿ ಪಿಂಚಣಿ ಶುರುವಾಯಿತು. 2016ರಿಂದ ಪ್ರಾಥಮಿಕ ಸಹಕಾರ ಸಂಘಗಳ ಮೂಲಕ ಪಿಂಚಣಿಯನ್ನು ಹಿರಿಯರ ಮನೆ ಬಾಗಿಲಿಗೇ ಮುಟ್ಟಿಸುವ ವ್ಯವಸ್ಥೆ ಬಂತು. ನಡೆಯಲಾಗದ ಅಜ್ಜಿ ಬ್ಯಾಂಕಿನ ಮೆಟ್ಟಿಲು ಹತ್ತಬೇಕಿಲ್ಲ.

ಎಚ್ಚರಿಕೆಯ ಪಾಠ ಮಾತ್ರ ಜಪಾನಿನದು. ಅಲ್ಲಿ ಅರುವತ್ತೈದು ದಾಟಿದವರು 1970ರಲ್ಲಿ ನೂರಕ್ಕೆ ಏಳು ಇದ್ದರು, 1994ಕ್ಕೆ ಹದಿನಾಲ್ಕಾದರು. ಫ್ರಾನ್ಸಿಗೆ ಇಷ್ಟಕ್ಕೇ ನೂರಕ್ಕೂ ಹೆಚ್ಚು ವರ್ಷ ಬೇಕಾಗಿತ್ತು. ಅಲ್ಲಿಯ ಬೇಸಾಯಗಾರರ ಸರಾಸರಿ ವಯಸ್ಸು ಈಗ ಅರುವತ್ತೈದರ ಮೇಲಿದೆ. ವಯಸ್ಸಾದ ರೈತರು ದುಡ್ಡನ್ನು ಸಹಕಾರ ಸಂಘದಲ್ಲಿ ಇಡುತ್ತಾರೆ, ಸಾಲ ಕೇಳುವ ಹುಡುಗರೇ ಊರಲ್ಲಿಲ್ಲ. ಠೇವಣಿ ಗುಡ್ಡೆಯಾಯಿತು, ಸಾಲ ಕರಗಿತು. ಆ ಹಣವನ್ನು ದುಡಿಸಲು ಅವರ ಕೇಂದ್ರ ಸಹಕಾರಿ ಬ್ಯಾಂಕಾದ ನೋರಿನ್‌ಚುಕಿನ್ ವಿದೇಶಿ ಬಾಂಡುಗಳಲ್ಲಿ ಹೂಡಿತು. ಬಡ್ಡಿ ದರ ಏರಿದಾಗ ಬಾಂಡಿನ ಬೆಲೆ ಬಿತ್ತು. 2025ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಅದರ ನಷ್ಟ 1.8 ಲಕ್ಷ ಕೋಟಿ ಯೆನ್. ಹಳ್ಳಿಯ ಮುಪ್ಪು ಬ್ಯಾಂಕಿನ ಲೆಕ್ಕಪತ್ರದವರೆಗೂ ಮುಟ್ಟುತ್ತದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನಮ್ಮಲ್ಲಿ ಈ ಕಾಯಿಲೆಯ ಮೊದಲ ಲಕ್ಷಣ ಪಹಣಿಯಲ್ಲಿ ಕಾಣುತ್ತದೆ. ಎಷ್ಟೋ ಊರುಗಳಲ್ಲಿ ಜಮೀನು ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದೆ. ಉಳುವವನು ಮೊಮ್ಮಗ. ಖಾತೆ ಅವನ ಹೆಸರಿಗಿಲ್ಲ, ಹಾಗಾಗಿ ಬೆಳೆ ಸಾಲ ಸಿಗೋದಿಲ್ಲ. ಅವನು ಮತ್ತೆ ಕೈಸಾಲದವರ ಬಾಗಿಲಿಗೆ ಹೋಗ್ತಾನೆ. ನೂರು ವರ್ಷದ ಹಿಂದೆ ಯಾವ ಬಾಗಿಲನ್ನು ಮುಚ್ಚಿಸಲು ಸಂಘಗಳು ಹುಟ್ಟಿದವೋ ಅದೇ ಬಾಗಿಲು! ಗಂಡನನ್ನು ಕಳೆದುಕೊಂಡ ಹೆಂಗಸರ ಪಾಡು ಇನ್ನೂ ಕಷ್ಟ. ಜೀವಮಾನವೆಲ್ಲ ಗದ್ದೆಯಲ್ಲಿ ದುಡಿದರೂ ಪಹಣಿಯಲ್ಲಿ ಹೆಸರಿಲ್ಲ, ಸಂಘದಲ್ಲಿ ಷೇರಿಲ್ಲ.

ಆದ್ದರಿಂದ ಈ ಬೆಳ್ಳಿ ಹಬ್ಬದ ವರ್ಷದಲ್ಲಿ ನಾವು ಮೂರು ಕೆಲಸ ಮಾಡೋಣ. ಪ್ರತಿಯೊಬ್ಬ ಹಿರಿಯ ಸದಸ್ಯರೂ ಷೇರು ಮತ್ತು ಠೇವಣಿಗೆ ನಾಮಿನಿ ಹೆಸರು ಬರೆಸಿರಬೇಕು. ಪೌತಿ ಖಾತೆ ಬಾಕಿ ಇರುವ ಮನೆಗಳಿಗೆ ಸಂಘದ ಸಿಬ್ಬಂದಿ ಅರ್ಜಿ ಬರೆದುಕೊಡಲು ನೆರವಾಗಬೇಕು. ಊರಲ್ಲಿ ಉಳಿದಿರುವ ಯುವಕ ಯುವತಿಯರನ್ನು, ಸೊಸೆಯಂದಿರನ್ನೂ ಸೇರಿಸಿ, ಸದಸ್ಯರನ್ನಾಗಿ ಮಾಡಿಕೊಳ್ಳಬೇಕು. ಹಿರಿಯರ ಠೇವಣಿ ಊರಿನ ಕಿರಿಯರ ದುಡಿಮೆಗೆ ಸಾಲವಾಗಿ ಹೋದರೆ, ಅದರ ಬಡ್ಡಿ ಹಿರಿಯರ ಔಷಧಿಗೆ ಆಗುತ್ತದೆ. ಮುಂದಿನ ವಾರ್ಷಿಕ ಮಹಾಸಭೆಗೆ ಎಲ್ಲರೂ ಬರುವಾಗ ಮನೆಯ ಒಬ್ಬ ಕಿರಿಯರನ್ನು ಜೊತೆಗೆ ಕರೆತರಬೇಕೆಂದು ಸದಸ್ಯ ಬಾಂಧವರಲ್ಲಿ ನಮ್ಮ ಕಳಕಳಿಯ ವಿನಂತಿ.