ಭರಣವೂ ಅಂಶವೂ: ವಿಕಲಾಂಗ ರಾಜಸೇವಕರ ಹಕ್ಕಿನ ವಿಚಾರ

ಮಲಪ್ರಭಾ ನದಿಯು ಗುಡ್ಡವನ್ನು ಸೀಳಿ ಹರಿಯುವ ನವಿಲುತೀರ್ಥಕ್ಕೆ ಸಮೀಪದ ಸವದತ್ತಿಯು, ಶಾಸನಗಳಲ್ಲಿ ಸುಗಂಧವರ್ತಿಯೆಂದು ಹೆಸರಾಗಿ, ಕೂಂಡಿ ಮೂರುಸಾಸಿರವನ್ನಾಳಿದ ರಟ್ಟರ ರಾಜಧಾನಿಯಾಗಿದ್ದುದು ವಾಚಕರಿಗೆ ವಿದಿತವೇ ಆಗಿದೆ. ಈ ರಟ್ಟರು ಕಲ್ಯಾಣದ ಚಾಲುಕ್ಯರ ಮಾಂಡಲಿಕರು. ಆ ಕಲ್ಯಾಣದಲ್ಲಿಯೇ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದನು. ಸೇವೆಯಲ್ಲಿರುವಾಗ ಕಣ್ಣನ್ನೋ ಕಾಲನ್ನೋ ಕಳೆದುಕೊಂಡ ಸರಕಾರಿ ನೌಕರನ ಪದವಿಯು ಉಳಿಯುವುದೆ, ಅಳಿಯುವುದೆ ಎಂಬ ಇಂದಿನ ಪ್ರಶ್ನೆಗೆ ಆ ಗ್ರಂಥದ ಒಂದು ವಿಚಾರವು ಬೆಳಕನ್ನು ಬೀರುತ್ತದೆ.

ಮೊದಲು ಭೃತ್ಯವೇತನವನ್ನು ನೋಡೋಣ. ರೋಗಿಯಾದ ಭೃತ್ಯನು ಗುಣಹೊಂದಿ ಒಪ್ಪಿದ ಕೆಲಸವನ್ನು ಮಾಡಿದರೆ, ಎಷ್ಟು ಕಾಲ ಕಳೆದಿದ್ದರೂ ವೇತನಕ್ಕೆ ಅರ್ಹನೆಂದು ಮನುವಿನ ಮತ. ಆದರೆ ಕೆಲಸವನ್ನು ಮಾಡಿಸಿಕೊಡದವನು ರೋಗಿಯಾಗಿರಲಿ ಸ್ವಸ್ಥನಾಗಿರಲಿ, ಅವನಿಗೆ ವೇತನವಿಲ್ಲ. ಕೌಟಿಲ್ಯನು ಕರ್ತವ್ಯದಲ್ಲಿ ಮಡಿದವರ ಮಡದಿಮಕ್ಕಳಿಗೆ ಅನ್ನವೇತನವನ್ನು ವಿಧಿಸಿದನು. ಮಡಿಯದೆ ಅಂಗಹೀನನಾಗಿ ಉಳಿದವನಿಗೆ ಈ ವಿಧಿಗಳೆರಡರಲ್ಲಿಯೂ ಆಸರೆಯಿಲ್ಲ.

ದಾಯಭಾಗದಲ್ಲಿ ಅಂಧ, ಪಂಗು, ಉನ್ಮತ್ತ ಮೊದಲಾದವರನ್ನು ಯಾಜ್ಞವಲ್ಕ್ಯನು ನಿರಂಶಕರೆಂದೂ ಭರ್ತವ್ಯರೆಂದೂ ಹೇಳಿದನು. ಎಂದರೆ, ಅವರಿಗೆ ಅನ್ನವುಂಟು, ಪಾಲಿಲ್ಲ. ಇಲ್ಲಿ ವಿಜ್ಞಾನೇಶ್ವರನು ಸೂಕ್ಷ್ಮವಾದೊಂದು ಮಿತಿಯನ್ನು ಕಲ್ಪಿಸಿದನು. ವಿಭಾಗಕ್ಕೆ ಮೊದಲೇ ದೋಷವಿದ್ದರೆ ಮಾತ್ರ ಅನಂಶತ್ವ. ವಿಭಾಗವಾದ ಮೇಲೆ ದೋಷವೊದಗಿದರೆ ಪಡೆದ ಪಾಲು ಹೋಗದು. ಔಷಧಾದಿಗಳಿಂದ ದೋಷವು ನೀಗಿದರೆ ವಿಭಾಗಾನಂತರವೂ ಪಾಲುಂಟು. ಪಾಲನ್ನು ತಪ್ಪಿಸುವ ಈ ನಿಯಮವನ್ನೇ 1928ರ ಕಾನೂನು ಬಹುಮಟ್ಟಿಗೆ ತೊಡೆದುಹಾಕಿತು.

ಪದವಿಯು ಪಿತ್ರಾರ್ಜಿತ ಸ್ವತ್ತಲ್ಲವೆಂಬುದು ನಿಜ. ಆದರೂ ಪಡೆದುದನ್ನು ತರುವಾಯ ಒದಗಿದ ವೈಕಲ್ಯವು ಕಸಿಯಲಾಗದೆಂಬ ನ್ಯಾಯವು 1995ರ ವಿಕಲಾಂಗರ ಅಧಿನಿಯಮದ 47ನೆಯ ಪ್ರಕರಣದಲ್ಲಿ ಸೇವೆಗೂ ಅನ್ವಯಿಸಿತು. ಅದರಂತೆ, ಸೇವಾವಧಿಯಲ್ಲಿ ವಿಕಲಾಂಗನಾದವನನ್ನು ತೆಗೆದುಹಾಕಕೂಡದು, ಕೆಳದರ್ಜೆಗೆ ಇಳಿಸಕೂಡದು. ಹಿಂದಿನ ಕೆಲಸವು ಒಗ್ಗದಿದ್ದರೆ ಸಮಾನವೇತನದ ಬೇರೆ ಹುದ್ದೆಯನ್ನು ಕೊಡಬೇಕು. ಅಂಥದೂ ಇಲ್ಲದಿದ್ದರೆ, ತಕ್ಕ ಹುದ್ದೆ ದೊರೆಯುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇರಿಸಬೇಕು. ಕಾಲನ್ನು ಕಳೆದುಕೊಂಡ ಪೇದೆಯೊಬ್ಬನ ವ್ಯಾಜ್ಯದಲ್ಲಿ, ಅಶಕ್ತತೆಯ ಪಿಂಚಣಿಯು ಲಭಿಸಿದ ಮಾತ್ರಕ್ಕೆ ಈ ರಕ್ಷಣೆಯು ತಪ್ಪದೆಂದು 2003ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಶಾಸ್ತ್ರಭಾಷೆಯಲ್ಲಿ ಹೇಳುವುದಾದರೆ, ಭರಣವು ಅಂಶಕ್ಕೆ ಪ್ರತಿನಿಧಿಯಲ್ಲ.

2016ರ ಅಧಿನಿಯಮವು ಈ ರಕ್ಷಣೆಯನ್ನು ಉಳಿಸಿಕೊಂಡು ಇನ್ನೊಂದನ್ನು ಕೂಡಿಸಿತು. ಪ್ರತಿಯೊಂದು ಸರಕಾರಿ ಕಚೇರಿಯಲ್ಲಿಯೂ ವಿಕಲಾಂಗರ ಅಹವಾಲುಗಳನ್ನು ಕೇಳುವ ಅಧಿಕಾರಿಯಿರಬೇಕು. ದೂರು ದಾಖಲಾದ ಎರಡು ವಾರಗಳೊಳಗೆ ವಿಚಾರಣೆ ನಡೆಯಬೇಕು. ಸಮಾಧಾನವಾಗದಿದ್ದರೆ ಜಿಲ್ಲಾ ಸಮಿತಿಯಲ್ಲಿ ಮೊರೆಯಿಡಬಹುದು. ಸ್ಮೃತಿಯಲ್ಲಿ ಭರ್ತವ್ಯನಾದವನು ಪರರ ವಿಚಾರಕ್ಕೆ ವಿಷಯನಾಗಿದ್ದನು. ಇಲ್ಲಿ ಅವನೇ ವಾದಿ. ಆದರೆ ಕೇಳುವ ಅಧಿಕಾರಿಯ ಹೆಸರೇ ನೌಕರನಿಗೆ ತಿಳಿಯದಿದ್ದರೆ ಈ ವಿಧಿಯು ಓಲೆಯ ಮೇಲಣ ಅಕ್ಷರವಾಗಿಯೇ ಉಳಿಯುವುದು. ಅದನ್ನು ತಿಳಿಯಪಡಿಸುವ ಹೊಣೆಯು ನೌಕರರ ಸಂಘಗಳದೂ ವಿದ್ಯಾವಂತರದೂ ಆಗಿದೆ.