ತೆಂಗಿನ ಮರ ಏರುವ ಸಾಧನ: ಆಯ್ಕೆ ಮತ್ತು ಹೊಂದಾಣಿಕೆ

ತೆಂಗಿನ ಮರ ಏರುವ ಸಾಧನಗಳಲ್ಲಿ ನಿಂತು ಏರುವ ಹಾಗೂ ಕುಳಿತು ಏರುವ ಬಗೆಗಳಿವೆ. ಕೇರಳದ ಚೆಂಬೇರಿ ಜೋಸೆಫ್ ಮಾದರಿಯು ಮೊದಲ ಬಗೆಯದು. ಇದರಲ್ಲಿ ಎರಡೂ ಪಾದಗಳಿಗೆ ಪ್ರತ್ಯೇಕವಾದ ಉಕ್ಕಿನ ಹಗ್ಗದ ಕುಣಿಕೆಗಳಿರುತ್ತವೆ. ಏರುವವರ ಭಾರ ಬಿದ್ದಾಗ ಕುಣಿಕೆಯು ಕಾಂಡವನ್ನು ಬಿಗಿಯಾಗಿ ಹಿಡಿಯುತ್ತದೆ. ಆದ್ದರಿಂದ ಒಂದು ಮರಕ್ಕೆ ಹೊಂದಿಸಿದ ಅಳತೆಯನ್ನು ಮತ್ತೊಂದು ಮರಕ್ಕೆ ಹಾಗೆಯೇ ಬಳಸತಕ್ಕದ್ದಲ್ಲ.

ಏರುವ ಮುನ್ನ ಗಮನಿಸಬೇಕಾದ ಅಂಶಗಳು:

1. ಎಳೆ ಹರಿದ ಅಥವಾ ತುಕ್ಕು ಹಿಡಿದ ಹಗ್ಗವನ್ನು ಬದಲಾಯಿಸತಕ್ಕದ್ದು.
2. ಕುಣಿಕೆಯನ್ನು ಕಾಂಡದ ದಪ್ಪಕ್ಕೆ ಹೊಂದಿಸಿ, ನೆಲದ ಸಮೀಪದಲ್ಲಿಯೇ ಪೂರ್ಣ ಭಾರ ಹಾಕಿ ಹಿಡಿತವನ್ನು ಪರೀಕ್ಷಿಸತಕ್ಕದ್ದು.
3. ಸುರಕ್ಷತಾ ಬೆಲ್ಟನ್ನು ಕಾಂಡಕ್ಕೆ ಸುತ್ತಿದ ಪ್ರತ್ಯೇಕ ಹಗ್ಗಕ್ಕೆ ಜೋಡಿಸತಕ್ಕದ್ದು. ಕಾಲು ಜಾರಿದರೂ ಇದು ಜೀವ ಉಳಿಸುತ್ತದೆ.
4. ಮಳೆಯಿಂದ ಒದ್ದೆಯಾದ ಮರವನ್ನು ಏರತಕ್ಕದ್ದಲ್ಲ.

ಮರ ಏರುವವರಿಗಾಗಿ ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ಅಪಘಾತ ವಿಮಾ ಯೋಜನೆಯಿದೆ. ಕೆಲಸ ಆರಂಭಿಸುವ ಮೊದಲೇ ನೋಂದಾಯಿಸಿಕೊಳ್ಳುವುದು ಸೂಕ್ತ.